ಸೋರೋದು ಮೇಲೆ, ಪುಟ್ಟಿ ಬಳಿಯೋದು ಕೆಳಗೆ!

ಸೀಲಿಂಗಿನ ಕಲೆಗೆ ಪುಟ್ಟಿ ಮದ್ದಲ್ಲ, ಎಷ್ಟು ಸಲ ಹೇಳಬೇಕು? ದೀಪಾವಳಿ ಹತ್ತಿರ ಬಂತು ಅಂದರೆ ಪೇಂಟ್ ಮಾಡೋರು ಬಂದು ಕೆರೆದು ಎರಡು ಕೈ ಪುಟ್ಟಿ ಎಳೆದು ಬಣ್ಣ ಹೊಡೆದು ದುಡ್ಡು ಎಣಿಸಿಕೊಂಡು ಹೋಗ್ತಾರೆ. ಆರಿದ್ರಾ ಮಳೆ ಹಿಡಿದ ನಾಲ್ಕೇ ದಿನಕ್ಕೆ ಅದೇ ಜಾಗ ಗುಳ್ಳೆ ಎದ್ದು ಹಪ್ಪಳದ ಹಾಗೆ ಬಿಚ್ಚಿಕೊಳ್ಳುತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳೋ ಕಾರವಾರದಲ್ಲಿ ಹೀಗೆ ಜನರನ್ನು ನಂಬಿಸೋದು ಮೋಸ.

ಕಲೆ ಇದ್ದಲ್ಲೇ ಬಿರುಕು ಇರಬೇಕಂತಿಲ್ಲ. ಸ್ಲ್ಯಾಬಿನೊಳಗಿನ ವಯರಿಂಗ್ ಪೈಪು ಹಿಡಿದು ಬಂದ ನೀರು ಫ್ಯಾನಿನ ಹತ್ತಿರ ತೊಟ್ಟಿಕ್ಕುತ್ತೆ (ಹಾಗಾದರೆ ಮೊದಲು ಆ ಲೈನಿನ ಕರೆಂಟ್ ಕಡಿಯೋ ಎಂಸಿಬಿ ಸ್ವಿಚ್ ಇಳಿಸಿ, ಬಕೆಟ್ ಆಮೇಲೆ). ತಾರಸಿ ಹತ್ತಿ ನೋಡಿ: ಅಂಚಿನ ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ, ಟ್ಯಾಂಕಿನ ಬುಡ, ನೀರು ಇಳಿಯೋ ಪೈಪಿನ ಬಾಯಿ. ಅಲ್ಲಿ ಎಲೆ, ಪಾಚಿ ಕಟ್ಟಿದರೆ ತಾರಸಿಯೇ ಕೆರೆ. ಅನುಮಾನ ಇದ್ದರೆ ಬೇಸಿಗೆಯಲ್ಲಿ ಆ ಬಾಯಿಗೆ ಬಟ್ಟೆ ತುರುಕಿ, 2 ಇಂಚು ನೀರು ನಿಲ್ಲಿಸಿ 48 ಗಂಟೆ ಕಾದು ಕೆಳಗೆ ಪಸೆ ಕಾಣುತ್ತಾ ನೋಡಿ.

ಕೆಲಸಕ್ಕೆ ಕಾಲ ಡಿಸೆಂಬರಿನಿಂದ ಏಪ್ರಿಲ್. ಮೇ ಕೊನೆಗೆ ಮೋಡ ಕಂಡ ಮೇಲೆ ಪಸೆ ಇರುವ ತಾರಸಿಗೆ ನೀರು ತಡೆಯೋ ಕೋಟಿಂಗ್ ಬಳಿದರೆ ಸಿಪ್ಪೆಯ ಹಾಗೆ ಎದ್ದು ಬರುತ್ತೆ. ಬಿರುಕನ್ನು ವಿ ಆಕಾರಕ್ಕೆ 10 ಮಿ.ಮೀ. ಕೆತ್ತಿ, ಧೂಳು ತೆಗೆದು, ಪಾಲಿಮರ್ ಕಲಸಿದ ಗಾರೆ ತುಂಬಬೇಕು. ಪ್ಯಾರಪೆಟ್ ಮೂಲೆಯನ್ನು ಗಾರೆಯಿಂದ ಇಳಿಜಾರಾಗಿ ಗುಂಡಗೆ ಮಾಡಬೇಕು. ಆಮೇಲೆ ಕೋಟಿಂಗ್: ಮೊದಲ ಕೈ ಉದ್ದಕ್ಕೆ. ಅದು ಹಸಿ ಇರುವಾಗಲೇ ಮೂಲೆಗಳಿಗೆ ಫೈಬರ್ ಬಲೆ. ಒಣಗಿದ ಮೇಲೆ ಎರಡನೇ ಕೈ ಅಡ್ಡಕ್ಕೆ. 100 ಅಡಿಗೆ 1 ಅಡಿಯಾದರೂ ಇಳಿಜಾರಿಲ್ಲದೆ ನೀರು ನಿಂತರೆ ಯಾವ ಕೋಟಿಂಗೂ ಬಹಳ ದಿನ ಬಾಳಲ್ಲ.

ಹೊಟ್ಟೆ ಉರಿಯೋದು ಇದಕ್ಕಿಂತ ಹೆಚ್ಚಾಗಿ ಸ್ಲ್ಯಾಬಿನೊಳಗಿನ ಕಬ್ಬಿಣದ ರಾಡಿನ ವಿಷಯಕ್ಕೆ. ಕಡಲ ಉಪ್ಪುಗಾಳಿ, ಮೇಲಿಂದ ಪಸೆ, ಕಬ್ಬಿಣ ತಡೆಯುತ್ತಾ? ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿದು ಕಾಂಕ್ರೀಟನ್ನು ಒಡೆದು ಕೆಳಗೆ ತಳ್ಳುತ್ತೆ. ಕಲೆಯ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಟೊಳ್ಳು ಸದ್ದು ಬಂದರೆ ಅಷ್ಟನ್ನೂ ಒಡೆಸಿ, ರಾಡಿನ ಹಿಂಬದಿಗೂ ವಯರ್ ಬ್ರಷ್ ಹಾಕಿ ಉಜ್ಜಿಸಿ, ಜಿಂಕ್ ಪ್ರೈಮರ್ ಬಳಿಸಿ, ಮತ್ತೆ ಪಾಲಿಮರ್ ಗಾರೆ. ರಾಡು ಸವೆದು ತೆಳ್ಳಗಾಗಿದ್ದರೆ ಎಂಜಿನಿಯರ್ ನೋಡಲೇಬೇಕು. ಅಂಥದ್ದನ್ನೂ ಪುಟ್ಟಿ ಮೆತ್ತಿ ಮುಚ್ಚಿ ಹೋಗ್ತಾರಲ್ಲ, ಅದರ ಕೆಳಗೆ ಮಕ್ಕಳು ಮಲಗ್ತಾರೆ ಅನ್ನೋ ಹೆದರಿಕೆಯೂ ಇಲ್ಲವಾ ಇವರಿಗೆ?