5 ತುಂಬಿದರೆ ಮಗು ಅಪ್ಪನಿಗೆ? ಹಾಗೇನಿಲ್ಲ

ಗಂಡ-ಹೆಂಡತಿ ಬೇರೆಯಾದರೆ ಮಗು ಯಾರ ಹತ್ತಿರ ಇರಬೇಕು (ಅಂದರೆ ಕಸ್ಟಡಿ ಯಾರಿಗೆ) ಅನ್ನುವ ಬಗ್ಗೆ ನಿಮ್ಮ ಲೇಖನದಲ್ಲಿ ‘ಮಗುವಿಗೆ 5 ವರ್ಷ ತುಂಬಿದ ಮೇಲೆ ಕಸ್ಟಡಿ ತಂದೆಗೆ ಹೋಗುತ್ತದೆ’ ಅಂತ ಬರೆದಿದ್ದೀರಲ್ಲ, ಅದು ತಪ್ಪು ಸರ್. ಹಿಂದೂಗಳಿಗೆ ಅನ್ವಯಿಸುವ 1956ರ ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ಕಸ್ಟಡಿ ಬಗ್ಗೆ ಹೇಳುವುದು ಇಷ್ಟೇ: 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಆಮೇಲೆ ತಾನಾಗಿಯೇ ಅಪ್ಪನ ಪಾಲು ಅಂತ ಎಲ್ಲೂ ಇಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ (ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಆ್ಯಕ್ಟ್) 17ನೇ ಸೆಕ್ಷನ್ ಪ್ರಕಾರ, ತಿಳಿವಳಿಕೆ ಬಂದ ಮಗುವಾದರೆ ಯಾರ ಜೊತೆ ಇರಲು ಇಷ್ಟ ಅನ್ನುವುದನ್ನೂ ಜಡ್ಜ್ ಕೇಳಬಹುದು. ನಮ್ಮ ನೆಂಟರಲ್ಲೇ ಒಬ್ಬಳಿಗೆ ಗಂಡನ ಮನೆಯವರು ‘5 ತುಂಬಲಿ, ಹೇಗೂ ಮಗು ನಮ್ಮದೇ’ ಅಂತ ಹೆದರಿಸಿ ಹೆದರಿಸಿ, ಜೀವನಾಂಶವನ್ನೂ ಸುಮ್ನೆ ಬಿಟ್ಟುಕೊಡುವ ಹಾಗೆ ಮಾಡಿದರು (ವಕೀಲರನ್ನು ಕೇಳುವ ಧೈರ್ಯವೂ ಇರಲಿಲ್ಲ ಪಾಪ). ಇಂಥ ಬೆದರಿಕೆಗೆ ನಿಮ್ಮ ಲೇಖನವೇ ಸಾಕ್ಷಿ ಆಗಬಾರದು ಅಲ್ವಾ? ಆ ಸಾಲು ತಿದ್ದಿಬಿಡಿ.