ಉಜ್ಜುವ ಮುಂಚೆ ಒಂದು ಸಲ ಓದ್ರಪ್ಪಾ

ಇವತ್ತು ಬೆಳಿಗ್ಗೆ ನನ್ನ ಕಣ್ಣೆದುರೇ ಹಳೇ ಕಾರಿನ ಸಾಮಾನಿನ ಮೇಲಿದ್ದ ಒಂದು ನಂಬರ್ ಅಳಿಸಿಹೋಯಿತು. ಇನ್ನೂ ಹೊಟ್ಟೆ ಉರಿಯುತ್ತಿದೆ.

ಪರಿಚಯದವರ ಗ್ಯಾರೇಜಿಗೆ ಹೋಗಿದ್ದೆ. ಯಾರದೋ ಮನೆಯ ಅಟ್ಟದಿಂದ ಒಂದು ಗೋಣಿಚೀಲದ ತುಂಬ ಹಳೇ ಕಾರಿನ ಸಾಮಾನು ಬಂದಿತ್ತು. ಯಾವ ಕಾರಿನದು ಅಂತ ಆ ಮನೆಯವರಿಗೇ ಗೊತ್ತಿಲ್ಲವಂತೆ. ನಾನು ಒಳಗೆ ಕಾಲಿಡುವಷ್ಟರಲ್ಲಿ ಅಲ್ಲಿನ ಹುಡುಗ ಒಂದು ಲ್ಯೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರ್ ಹಿಡಿದು (ಸರಿಯಾದ ಹೊತ್ತಿಗೆ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚುವ ಭಾಗ, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡೆಲ್ಕೋ) ಲೋಹ ಉಜ್ಜುವ ಎಮರಿ ಚಕ್ರಕ್ಕೆ ಕೊಟ್ಟಿದ್ದ. ನಿಲ್ಲಿಸೋ ಅಂತ ಕೂಗಿದೆ. ಮೋಟಾರಿನ ಸದ್ದಿಗೆ ಕೇಳಿಸಲಿಲ್ಲ. "ನೋಡಿ ಸಾರ್, ಹೊಸದರ ಥರ ಆಯ್ತು" ಅಂತ ಖುಷಿಯಿಂದ ನನ್ನ ಕೈಗಿಟ್ಟ. ಫಳಫಳ ಹೊಳೆಯುತ್ತಿತ್ತು. ಐದಂಕಿಯ ನಂಬರಿನಲ್ಲಿ ಮೊದಲ 4 ಮಾತ್ರ ಉಳಿದಿತ್ತು.

ಆ ನಂಬರೇ ಅದರ ಜಾತಕ, ಯಾವ ಕಾರಿನದು ಅಂತ ಹೇಳುವುದು ಅದೇ. ಪಕ್ಕದಲ್ಲೇ ತಯಾರಾದ ವಾರ, ವರ್ಷ ಹೊಡೆದಿರುತ್ತಾರೆ. 23 63 ಅಂದರೆ 1963ರ 23ನೇ ವಾರ. 25ಡಿ4 ಅನ್ನುವ ಒಂದೇ ಮಾಡೆಲ್ ಡಿಸ್ಟ್ರಿಬ್ಯೂಟರ್ ಎಷ್ಟೋ ಬಗೆಯ ಕಾರುಗಳಿಗೆ ಹೋಗಿದೆ. ಹೊರಗಿನಿಂದ ಎಲ್ಲ ಒಂದೇ. ಒಳಗಿನ ಸ್ಪ್ರಿಂಗು, ಪಕ್ಕದ ವ್ಯಾಕ್ಯೂಮ್ ಡಬ್ಬಿ (ಇಂಜಿನ್ನಿನ ಗಾಳಿಯ ಎಳೆತಕ್ಕೆ ತಕ್ಕಂತೆ ಕಿಡಿಯ ಹೊತ್ತು ಬದಲಿಸುವುದು) ಬೇರೆ ಬೇರೆ. ಯಾವುದೋ ಒಂದನ್ನು ಸಿಕ್ಕಿಸಿದರೆ ಕಿಡಿ ಹೊತ್ತು ತಪ್ಪಿ ಬರುತ್ತದೆ, ಏರಿನಲ್ಲಿ ಇಂಜಿನ್ ಟಕಟಕ ಅಂತ ಹೊಡೆದುಕೊಳ್ಳುತ್ತದೆ.

ಕೊಳೆ ತೆಗೆಯದೆ ಓದುವುದು ಹೇಗೆ ಅಂತೀರಾ? ಕೊಳೆ ತೆಗೆಯಿರಿ, ಲೋಹ ತೆಗೆಯಬೇಡಿ! ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಪಕ್ಕದಿಂದ ಟಾರ್ಚ್ ಬಿಡಿ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಂಕಿ ತಾನಾಗಿ ಎದ್ದು ಬರುತ್ತದೆ.

ಫೋನಿಗೆ ತೋರಿಸಿದರೆ ಯಾವ ಸಾಮಾನು ಅಂತ ಅದೇ ಹೇಳುತ್ತಲ್ಲ ಅನ್ನುವವರೂ ಇದ್ದಾರೆ. ಫೋನು ಆಕಾರ ನೋಡುತ್ತದೆ, ಮರೆ (ಬೋಲ್ಟಿನ ಮೈಮೇಲಿನ ಸುತ್ತುಗಳು, ಥ್ರೆಡ್) ಎಣಿಸುವುದಿಲ್ಲ. ಕಾಲಿಂಚಿನ ವಿಟ್‌ವರ್ತ್ (ಹಳೇ ಬ್ರಿಟಿಷ್ ಅಳತೆ) ಬೋಲ್ಟಿಗೂ ಯುಎನ್‌ಸಿ (ಅಮೆರಿಕದ ಅಳತೆ) ಬೋಲ್ಟಿಗೂ ಇಂಚಿಗೆ 20 ಮರೆ. ಆದರೆ ಒಂದರ ಕೋನ 55 ಡಿಗ್ರಿ, ಇನ್ನೊಂದರದು 60. ನಟ್ಟು ಹತ್ತಿಬಿಡುತ್ತದೆ, ಸರಿಯಾಗಿ ಕೂರುವುದಿಲ್ಲ. ಹಳೇ ಎಂಜಿ ಕಾರಿನ ಎಕ್ಸ್‌ಪಿಎಜಿ ಅನ್ನುವ ಇಂಜಿನ್ನಿನಲ್ಲಂತೂ ಮರೆ ಮೆಟ್ರಿಕ್, ಬೋಲ್ಟಿನ ತಲೆ ವಿಟ್‌ವರ್ತ್ ಅಳತೆ. ಇದನ್ನು ಫೋಟೋ ನೋಡಿ ಹೇಳಲು ಆಗುತ್ತಾ? ಕೈಯಲ್ಲಿ ಹಿಡಿಯಬೇಕು, ಮರೆ ಅಳೆಯುವ ಗೇಜ್ ಇಟ್ಟು ನೋಡಬೇಕು.

ನಾನು ಇಷ್ಟು ಕೂಗಾಡಲು ಕಾರಣ ಇದೆ. ಅಪ್ಪನದು ಒಂದು ಮಾರಿಸ್ ಮೈನರ್ ಕಾರು. ಕಾಲೇಜಿನಲ್ಲಿದ್ದಾಗ ಅದರ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬಿಚ್ಚಿ ಕೂತಿದ್ದೆ. ಪೆಟ್ರೋಲ್ ನಿಲ್ಲುವ ಫ್ಲೋಟ್ ಡಬ್ಬಿಯ ಮುಚ್ಚಳದ ಸ್ಕ್ರೂ ಕೆಳಗೆ ನಂಬರ್ ಹೊಡೆದ ಒಂದು ಪುಟ್ಟ ಅಲ್ಯೂಮಿನಿಯಂ ಚೀಟಿ ಇತ್ತು. ಯಾವುದೋ ತಗಡು ಅಂತ ಬಿಸಾಕಿದೆ. ಒಳಗಿನ ಸ್ಪ್ರಿಂಗಿನ ತುದಿಗೆ ಬಣ್ಣ ಹಚ್ಚಿತ್ತು, ಅದನ್ನೂ ತಿನ್ನರ್ ಹಾಕಿ ಉಜ್ಜಿದೆ. ಆ ಬಣ್ಣವೇ ಸ್ಪ್ರಿಂಗಿನ ಗುರುತು. ನೀಲಿ ಅಂದರೆ 2.5 ಔನ್ಸ್ ಬಲದ ಸ್ಪ್ರಿಂಗು, ಕೆಂಪು 4.5, ಹಳದಿ 8. ಆಮೇಲೆ ಹೊಸ ಸ್ಪ್ರಿಂಗ್ ಹುಡುಕಿಕೊಂಡು ಬೆಂಗಳೂರಿನ ಜೆಸಿ ರೋಡಿಗೆ ಹೋದಾಗ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ, "ಯಾವ ಬಣ್ಣ?" ನನ್ನ ಬಳಿ ಉತ್ತರ ಇರಲಿಲ್ಲ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಆ ಹುಡುಗನಿಗೂ ನಾನು ಬೈಯಲಿಲ್ಲ. ಪಕ್ಕಕ್ಕೆ ಕೂರಿಸಿಕೊಂಡು ವ್ಯಾಕ್ಯೂಮ್ ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಪುಣ್ಯಕ್ಕೆ ಅಲ್ಲಿ ಮೂರು ಅಂಕಿ ಉಳಿದಿದ್ದವು: 5-17-10. ಐದು ಇಂಚು ಪಾದರಸದ ಎಳೆತಕ್ಕೆ ಕೆಲಸ ಶುರು, ಹದಿನೇಳಕ್ಕೆ ಪೂರ್ತಿ, ಹತ್ತು ಡಿಗ್ರಿ ತಿರುಗುತ್ತದೆ ಅಂತ ವಿವರಿಸಿದೆ. "ಇಷ್ಟೆಲ್ಲ ಬರೆದಿರ್ತಾರಾ ಸಾರ್?" ಅಂತ ಬೆರಳಿಂದ ಸವರಿ ನೋಡಿದ.

ಚೀಲದಲ್ಲಿ ಇನ್ನೂ ಅರ್ಧ ಸಾಮಾನಿದೆ. ಒಂದು ಡೈನಮೋ ಕಂಡೆ, ಮೈತುಂಬ ಗ್ರೀಸು. ಭಾನುವಾರ ಕಾಗದ, ಪೆನ್ಸಿಲ್ ತಗೊಂಡು ಬರ್ತೀನಿ, ಅಲ್ಲೀವರೆಗೂ ಮುಟ್ಟಬೇಡ ಮರೀ ಅಂತ ಹೇಳಿ ಬಂದಿದ್ದೇನೆ.