'ಯು ನೋ' ಅಂದರೆ ಇಂಗ್ಲಿಷ್ ಬಾರದು ಎಂದಲ್ಲ

"ಮಾತಿನ ಮಧ್ಯೆ 'ಯು ನೋ' ಅನ್ನುವವರಿಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಇಂಗ್ಲಿಷರು ಹಾಗೆ ಮಾತಾಡುವುದೇ ಇಲ್ಲ" ಎಂಬ ಮಾತು ಹರಿದಾಡುತ್ತಿದೆ. ಇದು ನಿಜವಲ್ಲ. ಇಂಗ್ಲಿಷ್ ಮನೆಮಾತಿನವರ ಹರಟೆಯಲ್ಲೂ ಅದು ಧಾರಾಳವಾಗಿ ಬರುತ್ತದೆ. ಕೆಲವೊಮ್ಮೆ ಸುಮ್ನೆ, ಮುಂದಿನ ಮಾತು ಹುಡುಕಲು. ಹಲವು ಸಲ 'ಇದು ನಿನಗೂ ಗೊತ್ತಿರೋದೇ ಅಲ್ವಾ' ಎಂದು ಕೇಳುವವರನ್ನು ಜೊತೆಗೆ ಸೇರಿಸಿಕೊಳ್ಳಲು.

'ಇಟ್ಸ್ ಕೋಲ್ಡ್, ಇಸಂಟ್ ಇಟ್?' ಕೂಡ ಇದೇ ಜಾತಿ. ಕೊನೆಗೆ ದನಿ ಇಳಿದರೆ, ಚಳಿ ಇಬ್ಬರಿಗೂ ಗೊತ್ತು, ಹೂಂಗುಟ್ಟಿದರೆ ಸಾಕು. ಏರಿದರೆ ನಿಜವಾದ ಪ್ರಶ್ನೆ.

'ಐ ಡೋಂಟ್ ನೋ' ಇನ್ನೂ ಮಜಾ. 'ಈ ಬಣ್ಣ ಚೆನ್ನಾಗಿದೆಯಾ?' ಎಂದು ಕೇಳಿದಾಗ ಅದನ್ನು ರಾಗವಾಗಿ ಎಳೆದರೆ, ಬಹುಶಃ ಬಣ್ಣ ಹಿಡಿಸಿಲ್ಲ, ಮುಖಕ್ಕೆ ಹೊಡೆದಂತೆ ಹೇಳಲು ಮನಸ್ಸಿಲ್ಲ, ಅಷ್ಟೇ.

ಭಾಷಣದಲ್ಲಿ 'ಯು ನೋ' ಜಾಸ್ತಿಯಾದರೆ ಕಿರಿಕಿರಿ, ಒಪ್ಪೋಣ. ಆದರೆ ಅದು ತಪ್ಪು ಇಂಗ್ಲಿಷ್ ಅಲ್ಲ.